ಡೈನೊಸಾರ್ ಅಸ್ಥಿಪಂಜರ: ಮೂಳೆ ಎಷ್ಟು, ಊಹೆ ಎಷ್ಟು?

(ಹೊನ್ನೆಮರಡುವಿನಲ್ಲಿ ಶರಾವತಿ ಹಿನ್ನೀರಿನ ದಂಡೆ ಮೇಲೆ ಯುವ ಶಿಬಿರಾರ್ಥಿಗಳ ಜೊತೆ ಆಡಿದ ಮಾತಿನ ಬರಹರೂಪ)

ಇಲ್ಲಿ ಅಗೆದರೆ ಡೈನೊಸಾರ್ ಮೂಳೆ ಸಿಗುತ್ತಾ ಅಂತ ಆಗಲೇ ಮೂರ್ನಾಲ್ಕು ಜನ ಕೇಳಿದ್ರಿ. ಸಿಗಲ್ಲ. ಸಾಗರ ಸೀಮೆಯಲ್ಲಿ ಜಂಬಿಟ್ಟಿಗೆಯ ಕೆಳಗಿರೋ ಬಂಡೆ 250 ಕೋಟಿ ವರ್ಷಕ್ಕೂ ಹಳೇದು. ಆಗ ಮೂಳೆ ಇರೋ ಪ್ರಾಣಿಗಳೇ ಹುಟ್ಟಿರಲಿಲ್ಲ. ಅದಕ್ಕೇ ನಿಮ್ಮನ್ನ ಗೋದಾವರಿ ಕಣಿವೆಗೆ ಕರ್ಕೊಂಡು ಹೋಗ್ತೀನಿ.

ಕೋಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನವರು 1960ರ ಆಸುಪಾಸಿನಲ್ಲಿ ಅಲ್ಲಿ ಸುಮಾರು 300 ಮೂಳೆ ಹೊರತೆಗೆದರು. ಒಂದು ತೊಡೆಮೂಳೆಯಂತೂ ಆಳೆತ್ತರ! 1975ರಲ್ಲಿ ಆ ಪ್ರಾಣಿಗೆ ‘ಬರಾಪಾಸಾರಸ್ ಟ್ಯಾಗೋರೈ’ ಅಂತ ಹೆಸರಿಟ್ಟರು. ಬಂಗಾಳಿಯಲ್ಲಿ ‘ಬರ ಪಾ’ ಅಂದ್ರೆ ದೊಡ್ಡ ಕಾಲು. 1961 ರವೀಂದ್ರನಾಥ ಟ್ಯಾಗೋರರ ಜನ್ಮಶತಮಾನೋತ್ಸವದ ವರ್ಷ, ಅವರ ನೆನಪಿಗೆ ಹೆಸರಿನ ಎರಡನೇ ಭಾಗ. ಅಸ್ಥಿಪಂಜರ ಆ ಸಂಸ್ಥೆಯ ಮ್ಯೂಸಿಯಂನಲ್ಲೇ ನಿಂತಿದೆ.

ಆದರೆ ಸಿಕ್ಕ ಮೂಳೆಗಳು ಒಂದೇ ಪ್ರಾಣಿಯವಲ್ಲ, ಕನಿಷ್ಠ ಆರು ಪ್ರಾಣಿಗಳವು. ತಲೆಬುರುಡೆ ಸಿಗಲೇ ಇಲ್ಲ, ಸಿಕ್ಕಿದ್ದು ಕೆಲವು ಹಲ್ಲು ಅಷ್ಟೆ. ಹಾಗಾದ್ರೆ ಹೀಗೆ ಜೋಡಿಸಿ ನಿಲ್ಲಿಸೋದು ಮೋಸಾನಾ? ನನ್ನ ಪ್ರಕಾರ ಅಲ್ಲ. ಬೇಸಿಗೆಯಲ್ಲಿ ಈ ಹಿನ್ನೀರು ಇಳಿದಾಗ ಮರದ ಬೊಡ್ಡೆಗಳು ಕಾಣ್ತವಲ್ಲ, ಹಾಗೇನೇ. ಬೊಡ್ಡೆ ಕಣ್ಣೆದುರಿಗಿದೆ. ಅದರ ಮೇಲಿದ್ದ ಕೊಂಬೆ ಹೇಗಿತ್ತು ಅನ್ನೋದು ಊಹೆ. ಯಾವುದು ಬೊಡ್ಡೆ, ಯಾವುದು ಕೊಂಬೆ ಅಂತ ನೋಡುವವರಿಗೆ ಹೇಳಬೇಕು, ಅಷ್ಟೆ.

ಜೋಡಿಸೋ ಕೆಲಸವೂ ಸುಲಭ ಅಲ್ಲ. ಪಳೆಯುಳಿಕೆ ಅಂದ್ರೆ ಕಲ್ಲಾದ ಮೂಳೆ. ವಿಪರೀತ ಭಾರ, ಆದರೂ ಬೇಗ ಬಿರುಕು ಬಿಡುತ್ತೆ. ಹಿಂದೆ ಮೂಳೆಗೇ ತೂತು ಕೊರೆದು ಕಬ್ಬಿಣದ ಸರಳು ತೂರಿಸ್ತಿದ್ರು. ಈಗ ಒಂದೊಂದು ಮೂಳೆಗೂ ಅದರ ಆಕಾರಕ್ಕೆ ಬಗ್ಗಿಸಿದ ಉಕ್ಕಿನ ಹಿಡಿಕೆ ಮಾಡ್ತಾರೆ. ಅಧ್ಯಯನಕ್ಕೆ ಬೇಕಾದಾಗ ಒಂದೇ ಮೂಳೆ ಬಿಚ್ಚಿಕೊಳ್ಳಬಹುದು.

ನಿಲುವಿನಲ್ಲೂ ತಪ್ಪಾಗುತ್ತೆ. 1878ರಲ್ಲಿ ಬೆಲ್ಜಿಯಂನ ಕಲ್ಲಿದ್ದಲು ಗಣಿಯೊಂದರಲ್ಲಿ ಇಗ್ವಾನೊಡಾನ್‌ಗಳು ಸಿಕ್ಕವು. ಲೂಯಿ ಡಾಲೊ ಅವನ್ನು ಕಾಂಗರೂ ಥರ ನೆಟ್ಟಗೆ ನಿಲ್ಲಿಸಿದ. ಆ ಬಾಲ ಹಾಗೆ ಬಗ್ಗೋದಿಲ್ಲ ಅಂತ ಆಮೇಲೆ ಗೊತ್ತಾಯ್ತು. ಲಂಡನ್ನಿನ ಪ್ರಸಿದ್ಧ ‘ಡಿಪ್ಪಿ’ 1905ರಿಂದ ಬಾಲ ನೆಲಕ್ಕೆ ಬಿಟ್ಟು ನಿಂತಿತ್ತು. 1993ರಲ್ಲಿ ಬಾಲ ಎತ್ತಿ ಕಟ್ಟಿದರು. ಅಂದಹಾಗೆ, ಡಿಪ್ಪಿ ಪೂರ್ತಿ ಪ್ಲಾಸ್ಟರಿನ ಅಚ್ಚು!

ಇನ್ಮೇಲೆ ಮ್ಯೂಸಿಯಂಗೆ ಹೋದಾಗ ಸೆಲ್ಫಿ ತಗೊಳ್ಳಿ, ಬೇಡ ಅನ್ನಲ್ಲ. ಜೊತೆಗೆ ಮೂರು ಪ್ರಶ್ನೆ ಕೇಳಿ: ಇದರಲ್ಲಿ ಅಸಲಿ ಮೂಳೆ ಯಾವುದು? ಎಷ್ಟು ಪ್ರಾಣಿಗಳದ್ದು? ಹೀಗೇ ನಿಲ್ಲುತ್ತಿತ್ತು ಅನ್ನೋದಕ್ಕೆ ಏನು ಆಧಾರ? ಫಲಕದಲ್ಲಿ ಉತ್ತರ ಇಲ್ಲದಿದ್ರೆ ಅಲ್ಲಿರೋ ಸಿಬ್ಬಂದಿಯನ್ನೇ ಕೇಳಿ.