ಇಟಾಲಿಯನ್ ಕಲಿತ ಹುಡುಗ, ರಾಜಕೀಯ ಮತ್ತು ನಮ್ಮ 'ಐತಿ'

ಸಿಂಧನೂರಿಂದ ಮಸ್ಕಿ ಮ್ಯಾಲೆ ಹಾದು ಲಿಂಗಸುಗೂರಿಗೆ ಹೋಗೋ ಬಸ್ಸಲ್ಲಿ ಕುಂತು ಕೇಳ್ತಿದ್ರೆ, ಇವತ್ತಿನ ಮಾತು ನಿಮ್ಮ ರಸ್ತೆಯದೇ.

ಪಿಯುಸಿ ಮುಗಿಸಿದ ಹುಡುಗರು ಒಂದೇ ಪ್ರಶ್ನೆ ಕೇಳ್ತಾರೆ. "ಸರ್, ರಾಜ್ಯಶಾಸ್ತ್ರ ಸರಿ, ಕೆಎಎಸ್‌ಗೆ ಬರ್ತದ. ಜೊತೆಗೆ ಭಾಷೆ ಯಾಕ್ರಿ?" ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳಲ್ಲಿ ಇಟಾಲಿಯನ್ ಮತ್ತು ರಾಜಕೀಯ ಎರಡೂ ಸೇರಿ ಒಂದೇ ಪದವಿ. ನಾಲ್ಕು ವರ್ಷ, ಅದರಲ್ಲಿ ಒಂದು ವರ್ಷ ಇಟಲಿಯಲ್ಲೇ. ಅಲ್ಲಿಯವರು ಈ ಎರಡನ್ನ ಯಾಕೆ ಕೂಡಿಸಿದ್ರು ಅಂತ ತಿಳೀಬೇಕಾದ್ರೆ ಒಬ್ಬ ಬಡ ವಿದ್ಯಾರ್ಥಿಯ ಕಥೆ ಕೇಳಬೇಕು.

ಅಂತೋನಿಯೊ ಗ್ರಾಂಶಿ. 1891ರಲ್ಲಿ ಸಾರ್ಡೀನಿಯ ದ್ವೀಪದಲ್ಲಿ ಹುಟ್ಟಿದವನು. ಸಾರ್ಡೀನಿಯ ಅಂದ್ರೆ ಇಟಲಿಯ ಹಿಂದುಳಿದ ಭಾಗ, ನಮ್ಮ ಕಲ್ಯಾಣ ಕರ್ನಾಟಕ ಇದ್ದಂಗೆ ಅನ್ಕೊಳ್ಳಿ. 1911ರಲ್ಲಿ ಬಡ ಮಕ್ಕಳಿಗಿದ್ದ ಸ್ಕಾಲರ್‌ಶಿಪ್ ಗೆದ್ದು ಟ್ಯೂರಿನ್ ವಿಶ್ವವಿದ್ಯಾಲಯ ಸೇರಿದ. ತಿಂಗಳಿಗೆ 70 ಲೀರಾ, ಹೊಟ್ಟೆಗೂ ಸಾಲದು. ಅಲ್ಲಿ ಮತ್ತೆಯೊ ಬಾರ್ತೊಲಿ ಎಂಬ ಪ್ರೊಫೆಸರ್ ಹತ್ರ ಭಾಷಾಶಾಸ್ತ್ರ ಓದಿದ. ಡಿಗ್ರಿ ಮುಗಿಸಲಿಲ್ಲ, ರಾಜಕೀಯಕ್ಕೆ ಇಳಿದ. 1926ರಲ್ಲಿ ಮುಸೊಲಿನಿ ಸರ್ಕಾರ ಅವನನ್ನ ಜೈಲಿಗೆ ಹಾಕಿತು. ಜೈಲಲ್ಲಿ ಬರೆದ ನೋಟ್‌ಬುಕ್ಕುಗಳ ಪೈಕಿ ಕೊನೆಯದು, 1935ರದ್ದು, ಯಾವುದರ ಬಗ್ಗೆ ಗೊತ್ತಾ? ವ್ಯಾಕರಣದ ಬಗ್ಗೆ!

ಇದಕ್ಕೆ ಕಾರಣ ಇತ್ತು. 1861ರಲ್ಲಿ ಇಟಲಿ ಒಂದು ದೇಶ ಆದಾಗ ಇಟಾಲಿಯನ್ ಬರ್ತಿದ್ದವರು, ಭಾಷಾ ವಿದ್ವಾಂಸ ತುಲಿಯೊ ದೆ ಮಾವ್ರೊ ಲೆಕ್ಕದಲ್ಲಿ, ನೂರಕ್ಕೆ ಎರಡೂವರೆ ಮಂದಿ. ಉಳಿದವರ ಮನೆಮಾತು ಬೇರೆ ಬೇರೆ. ಒಂದು ಭಾಷೆ ಇನ್ನೊಂದರ ಮೇಲೆ ಹೆಂಗೆ ಗೆಲ್ತದೆ? ಬಾರ್ತೊಲಿ ಪಾಠದಲ್ಲಿ ಉತ್ತರ ಇತ್ತು: ಬರೀ ಲಾಠಿಯಿಂದಲ್ಲ, ಪ್ರತಿಷ್ಠೆಯಿಂದ. ದೊಡ್ಡೋರ ಮಾತು ಅಂತ ಜನ ತಾವಾಗೇ ಕಲೀತಾರೆ. ಜನ ತಾವಾಗೇ ಒಪ್ಪಿ ಆಳಿಸಿಕೊಳ್ಳೋದನ್ನ ಗ್ರಾಂಶಿ 'ಹೆಜೆಮನಿ' ಅಂದ. ಅದಕ್ಕೆ ಬೀಜ ಭಾಷಾಶಾಸ್ತ್ರದ ಕ್ಲಾಸಲ್ಲೇ ಬಿತ್ತು ಅಂತ ಹಲವು ವಿದ್ವಾಂಸರು ವಾದಿಸ್ತಾರೆ. ನನಗೂ ಹಂಗೇ ಅನಿಸ್ತದೆ.

ಬೆಂಗಳೂರಿಗೆ ಕೆಲಸಕ್ಕೆ ಹೋದ ನಿಮ್ಮ ಗೆಳೆಯ ಮೂರು ತಿಂಗಳಿಗೆ 'ಐತಿ' ಬಿಟ್ಟು 'ಇದೆ' ಅಂತಾನೆ, ಹೌದಲ್ರೀ? ಯಾವ ಸರ್ಕಾರ ಆದೇಶ ಹೊರಡಿಸಿತ್ತು? ಪಿಜಿಯಲ್ಲಿ ಯಾರೋ ನಕ್ಕಿರ್ತಾರೆ, ಅಷ್ಟೇ. ಗ್ರಾಂಶಿ 1927ರಲ್ಲಿ ಜೈಲಿಂದ ತಂಗಿಗೆ ಪತ್ರ ಬರೆದು, ಮಕ್ಕಳು ಸಾರ್ಡೀನಿಯನ್ ಮಾತಾಡಲಿ, ತಡೀಬೇಡ ಅಂದಿದ್ದ. ಇಟಾಲಿಯನ್ ಬೇಡ ಅಂತಲ್ಲ. ಮನೆಮಾತು ಕಳೆದ್ರೆ ಮಗುವಿಗೆ ನಷ್ಟ ಅಂತ.

ಈ ಕಣ್ಣಿಂದ ನಮ್ಮ ರಸ್ತೆ ನೋಡಿ. ಮಸ್ಕಿ ಬೆಟ್ಟದ ಅಶೋಕನ ಶಾಸನವನ್ನ 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡುಹಿಡಿದ. 'ದೇವಾನಾಂಪ್ರಿಯ' ಅಂದ್ರೆ ಅಶೋಕನೇ ಅಂತ ಖಚಿತ ಆಗಿದ್ದು ಇಲ್ಲಿ ಆ ಹೆಸರು ಸಿಕ್ಕ ಮೇಲೆ. ಭಾಷೆ ಮಾತ್ರ ಪ್ರಾಕೃತ, ಇಲ್ಲಿ ಹೊಲ ಉಳೋರ ಮಾತಲ್ಲ.

ಆಮೇಲೆ ನಿಜಾಮ. ಈ ಮೂರೂ ಊರು 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ವು. ಆಡಳಿತ ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದು. ನಮ್ಮ ಮನೆ ಟ್ರಂಕಿನಲ್ಲೂ ಆ ಕಾಲದ ಒಂದು ಜಮೀನು ಕಾಗದ ಇತ್ತು. ಅಣ್ಣತಮ್ಮಂದಿರು ಪಾಲಾಗೋ ಹೊತ್ತಿಗೆ ಅದನ್ನ ಓದೋರೇ ಇಲ್ಲ. ಅಪ್ಪ ಅದನ್ನ ಪ್ಲಾಸ್ಟಿಕ್ ಚೀಲದಾಗ ಇಟ್ಕೊಂಡು ಊರೂರು ಅಲೆದ್ರು. ಕೊನೆಗೆ ನಿವೃತ್ತ ಉರ್ದು ಮಾಸ್ತರರೊಬ್ಬರು ಓದಿ ಹೇಳಿದ ಮೇಲೇ ಬದು ಯಾರದು ಅಂತ ಗೊತ್ತಾಗಿದ್ದು. ಎರಡು ಎಕರೆ ನಮ್ಮದಾಗೇ ಉಳೀತು. ಅವತ್ತು ಚಹಾ ಬಿಟ್ಟು ಬೇರೇನೂ ತಗೊಳ್ಳಲಿಲ್ಲ ಅವರು.

ಇನ್ನು ಸಿಂಧನೂರು. ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದ್ರು, ತೆಲುಗು ಕ್ಯಾಂಪುಗಳಾದವು. ಪೂರ್ವ ಪಾಕಿಸ್ತಾನ ಬಿಟ್ಟು ಬಂದವರಿಗೆ ಆರ್.ಎಚ್. ಕ್ಯಾಂಪುಗಳಾದವು. ಅಲ್ಲಿ ಮನೆಯೊಳಗೆ ಬಂಗಾಳಿ, ಸಂತೆಯಲ್ಲಿ ಕನ್ನಡ, ತಲೆಯೊಳಗೆ ಪೌರತ್ವದ ಕಾಗದದ ಚಿಂತೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆ ದೇಶದ ಬಹಳ ಕಡೆ ಟಿವಿ ಚರ್ಚೆ. ಇಲ್ಲಿ ಅದು ಮನೆಮನೆಯ ಮಾತು. ಬರೀ ರಾಜ್ಯಶಾಸ್ತ್ರ ಓದಿದವನಿಗೆ ಕಾಯ್ದೆ ಗೊತ್ತಿರ್ತದೆ. ಆ ಅಜ್ಜಿ ಏನಂತಾಳೆ ಅಂತ ತಿಳಿಯೋಕೆ ಬಂಗಾಳಿ ಬೇಕು.

ನಿಮಗೆ ಹತ್ತಿರದಲ್ಲಿ ಇಟಾಲಿಯನ್ ಸಿಗಲಿಕ್ಕಿಲ್ಲ. ಉರ್ದು, ತೆಲುಗು, ಬಂಗಾಳಿ ಮಾತಾಡೋರು ಬಾಜೂ ಮನೆಯಲ್ಲೇ ಅದಾರ. ಅಡ್ಮಿಷನ್ ಫಾರ್ಮ್ ತುಂಬೋ ಮುಂಚೆ, ರಾಜ್ಯಶಾಸ್ತ್ರದ ಜೊತೆ ಐಚ್ಛಿಕ ಕನ್ನಡ ಅಥವಾ ಉರ್ದು ಕೊಡ್ತೀರಾ ಅಂತ ಕಾಲೇಜಿನಲ್ಲಿ ಕೇಳಿ. ಮನೆಯಲ್ಲಿ ಹಳೇ ಉರ್ದು ಕಾಗದ ಇದ್ರೆ ಇವತ್ತೇ ಫೋಟೋ ತೆಗೆದಿಡಿ, ಗೆದ್ದಲು ಕಾಯೋದಿಲ್ಲ.