ಹೋಗುವುದೋ, ಉಳಿಯುವುದೋ?
(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ, ಬಾಳೂರು)



ಹೆರೋದನಿಂದ ಮಗುವಿನ ಪ್ರಾಣಕ್ಕೆ ಅಪಾಯ ಬಂದಾಗ ಸಂತ ಜೋಸೆಫರು ತಾಯಿಮಗುವನ್ನು ಕರೆದುಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟರು. ಪವಿತ್ರ ಕುಟುಂಬವೇ ಪರದೇಶದಲ್ಲಿ ಬಾಳಿತು. ಆದ್ದರಿಂದ ಪರದೇಶಕ್ಕೆ ಹೋಗುವುದು ತಪ್ಪಲ್ಲ.

ಕೆಲಸ ಹೋಗುವ ನೋವು ನಮ್ಮ ಸೀಮೆಗೆ ಹೊಸದಲ್ಲ. 2002ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಅಲ್ಲಿನವರಿಗೆ ಯೋಚಿಸಲು ಮೂರು ವರ್ಷವಾದರೂ ಸಿಕ್ಕಿತು. ಇಂದು ಬೆಂಗಳೂರಿನಲ್ಲಿ ದುಡಿಯುವ ನಮ್ಮ ಮಕ್ಕಳಿಗೆ ಒಂದು ಇ-ಮೇಲ್ ಬಂದರೆ ಸಾಕು, ಸಂಜೆಯೊಳಗೆ ಕೆಲಸವಿಲ್ಲ.

ಆ ಸಂಜೆಯೇ "ಗಲ್ಫಿಗೆ ಹೋಗಿಬಿಡುತ್ತೇನೆ" ಎಂದು ತೀರ್ಮಾನಿಸಬೇಡಿ. ಗಾಬರಿ ಒಳ್ಳೆಯ ಸಲಹೆಗಾರನಲ್ಲ. ಮೊದಲು ಮನೆಯವರೆಲ್ಲ ಕುಳಿತು ಮಾತಾಡಿ. ಹೆಂಡತಿ ಏನೆನ್ನುತ್ತಾಳೆ? ವಯಸ್ಸಾದ ಅಪ್ಪ ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ? ಎಷ್ಟು ವರ್ಷಕ್ಕೆ ಹಿಂದಿರುಗುವುದು? ಕರೆದೊಯ್ಯುವ ಏಜೆಂಟನಿಗೆ ಕೇಂದ್ರ ಸರ್ಕಾರದ ಪರವಾನಗಿ ಇದೆಯೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಕರೆದರೆ ಒಪ್ಪಬೇಡಿ; ಸಿಕ್ಕಿಬಿದ್ದರೆ ದಂಡ, ಜೈಲು ನಿಮಗೇ. ಅದನ್ನು ನಂಬಿ ಇರುವ ಅರ್ಧ ಎಕರೆ ಕಾಫಿಯನ್ನು ಅಡವಿಡಬೇಡಿ.

ಇನ್ನೊಂದು ಮಾತು. ಹೆರೋದ ಸತ್ತ ಮೇಲೆ ಜೋಸೆಫರು ಹಿಂದಿರುಗಿದರು. ಆದರೆ ಯೂದಾಯದಲ್ಲಿ ಇನ್ನೂ ಭಯವಿದ್ದುದರಿಂದ ಗಲಿಲೇಯದ ನಜರೇತಿನಲ್ಲಿ ನೆಲೆಸಿದರು. ಹೋಗುವುದಕ್ಕೆ ಧೈರ್ಯ ಬೇಕು. ಮರಳಿ ಬಂದು ಹೊಸದಾಗಿ ಬದುಕು ಕಟ್ಟುವುದಕ್ಕೂ ಬೇಕು. ಮರಳಿ ಬಂದವನನ್ನು ಊರಿನಲ್ಲಿ ಯಾರೂ "ಸೋತು ಬಂದ" ಎನ್ನದಿರಲಿ.

ಕೆಲಸ ಕಳೆದುಕೊಂಡ ಮನೆ ನಿಮ್ಮ ವಾಳೆಯಲ್ಲಿದ್ದರೆ ಈ ವಾರವೇ ಹೋಗಿ ಮಾತಾಡಿಸಿ. ಪವಿತ್ರ ಕುಟುಂಬ ನಿಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ. ಆಮೆನ್.