ನಳಿಗೆಯ ಉದ್ದವೂ ಗುಂಡಿನ ವೇಗವೂ



ಬೇಟೆಯ ವಿಷಯದಲ್ಲಿ ಅಷ್ಟಿಷ್ಟು ಪರಿಚಯವುಳ್ಳವರು ನಾಲ್ವರು ಕೂಡಿ ಮಾತನಾಡುವಲ್ಲಿ ಒಂದು ಮಾತು ತಪ್ಪದೆ ಕೇಳಿಬರುವುದುಂಟು: ರೈಫಲ್ಲಿನ ನಳಿಗೆ ಉದ್ದವಾದಷ್ಟೂ ಗುಂಡು ಬಿರುಸಾಗಿ ಹೋಗುತ್ತದೆ, ನಳಿಗೆಯನ್ನು ಮೊಟಕುಮಾಡಿದರೆ ಆಯುಧವು ಕೈಗೆ ಹಗುರವಾದೀತೇ ಹೊರತು ಅದರ ಸತ್ತ್ವವೇ ಹೋಗಿಬಿಡುತ್ತದೆ, ಎಂದು. ಅದೇ ಗುಂಪಿನಲ್ಲಿ ಮತ್ತೊಬ್ಬರು, ನಾಲ್ಕಾರು ಅಂಗುಲಗಳಿಂದ ಆಗುವುದು ಹೋಗುವುದು ಏನೂ ಇಲ್ಲವೆಂದು ಅಷ್ಟೇ ನಿಶ್ಚಯದಿಂದ ಹೇಳುವುದೂ ಉಂಟು. ಈ ಎರಡು ಮಾತುಗಳಲ್ಲಿ ನಿಜವೆಷ್ಟು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ನಮಗೇಕೆ ಈ ವಿಚಾರ ಎಂದು ನೀವು ಕೇಳಬಹುದು. 1972 ರ ವನ್ಯಜೀವಿ ಸಂರಕ್ಷಣಾ ಶಾಸನದಿಂದ ಈಚೆಗೆ ನಮ್ಮ ದೇಶದಲ್ಲಿ ವಿನೋದಕ್ಕಾಗಿ ಬೇಟೆಯಾಡುವುದು ಮುಗಿದ ಕಥೆ. ಮುಗಿದದ್ದು ಒಳ್ಳೆಯದೇ ಆಯಿತು. ಆದರೆ ಯೂರೋಪ್, ಅಮೆರಿಕ, ಆಫ್ರಿಕ ಖಂಡಗಳ ಅನೇಕ ದೇಶಗಳಲ್ಲಿ ಬೇಟೆಯು ಕಟ್ಟುಕಟ್ಟಳೆಗಳಿಗೆ ಒಳಪಟ್ಟು ನಡೆದೇ ಇದೆ. ಅಲ್ಲಿ ಬೇಟೆಗಾರನು ತನ್ನ ಆಯುಧದ ಶಕ್ತಿಯನ್ನು ತಪ್ಪಾಗಿ ಎಣಿಸಿದರೆ ಅದರ ದಂಡವನ್ನು ತೆರುವವನು ಅವನಲ್ಲ. ಅರ್ಧ ಗಾಯದಿಂದ ಪೊದೆಯನ್ನು ಹೊಕ್ಕು ದಿನವೆಲ್ಲ ನರಳುವ ಮೃಗವು. ಆದುದರಿಂದ ಇದು ಬರಿಯ ಯಂತ್ರದ ಪ್ರಶ್ನೆಯಲ್ಲ. ಇದರಲ್ಲಿ ಧರ್ಮದ ಅಂಶವೂ ಇದೆ.

ಮೊದಲು ನಳಿಗೆಯೊಳಗೆ ನಡೆಯುವ ವ್ಯಾಪಾರವನ್ನು ನೋಡೋಣ. ನಮ್ಮ ಅಡುಗೆಮನೆಗಳ ಊದುಗೊಳವೆಯನ್ನು ನೀವೆಲ್ಲರೂ ಬಲ್ಲಿರಿ. ಅದರೊಳಗೆ ಒಂದು ಬಟಾಣಿಕಾಳನ್ನಿಟ್ಟು ಹುಡುಗನೊಬ್ಬನು ಊದಿದನೆನ್ನಿ. ಕಾಳು ಕೊಳವೆಯೊಳಗಿರುವವರೆಗೆ ಉಸಿರು ಅದನ್ನು ನೂಕುತ್ತಿರುತ್ತದೆ. ಹೊರಬಿದ್ದ ಕೂಡಲೆ ಆ ನೂಕು ನಿಂತುಹೋಗುತ್ತದೆ. ಕೊಳವೆ ಉದ್ದವಾದರೆ ನೂಕು ಹೆಚ್ಚು ದೂರ ಸಾಗುತ್ತದೆ. ಕಾಳಿನ ವೇಗ ಹೆಚ್ಚುತ್ತದೆ. ಆದರೆ ಹುಡುಗನ ಉಸಿರಿಗೂ ಒಂದು ಮಿತಿಯುಂಟಷ್ಟೆ? ಉಸಿರು ಮುಗಿದ ಮೇಲೂ ಕೊಳವೆ ಮುಂದುವರಿದಿದ್ದರೆ ಅದರ ಗೋಡೆಯ ಉಜ್ಜಾಟದಿಂದ ಕಾಳಿನ ವೇಗ ಕುಗ್ಗುವುದೇ ಸರಿ.

ರೈಫಲ್ಲಿನಲ್ಲಿ ಉಸಿರಿನ ಸ್ಥಾನದಲ್ಲಿರುವುದು ಉರಿದ ಮದ್ದಿನಿಂದ ಹುಟ್ಟುವ ಅನಿಲ. ಮದ್ದಿಗೆ ಕಿಡಿ ತಾಗಿದೊಡನೆ ಅನಿಲದ ಒತ್ತಡವು ಚದರಂಗುಲಕ್ಕೆ 50,000 ಪೌಂಡನ್ನೂ ಮೀರಿ ಏರುವುದುಂಟು. ಈ ಏರಿಕೆಯೆಲ್ಲ ಗುಂಡು ಮೊದಲ ಕೆಲವು ಅಂಗುಲಗಳನ್ನು ಸಾಗುವುದರೊಳಗೇ ಆಗಿಹೋಗುತ್ತದೆ. ಗುಂಡು ಮುಂದುಮುಂದಕ್ಕೆ ಹೋದಂತೆ ಅದರ ಹಿಂದಿನ ಅವಕಾಶವು ದೊಡ್ಡದಾಗುತ್ತದೆ, ಅನಿಲವು ಹರಡಿಕೊಳ್ಳುತ್ತದೆ, ಒತ್ತಡವು ಇಳಿಯುತ್ತದೆ. ಹೀಗೆ ನಳಿಗೆಯ ಮೊದಲ ಅಂಗುಲಗಳು ಗುಂಡಿಗೆ ಕೊಡುವ ವೇಗ ಬಹಳ. ಕೊನೆಯ ಅಂಗುಲಗಳು ಕೊಡುವುದು ಅಲ್ಪ. ನಳಿಗೆಯನ್ನು ಮೊಟಕುಮಾಡುವವನು ಕತ್ತರಿಸುವುದು ಈ ಕೊನೆಯ ಅಂಗುಲಗಳನ್ನು ಎಂಬುದನ್ನು ಮರೆಯಬಾರದು.

ಈ ತತ್ತ್ವವು ಹೊಸದೇನೂ ಅಲ್ಲ. ಇಂಗ್ಲೆಂಡಿನ ಗಣಿತಜ್ಞನಾದ ಬೆಂಜಮಿನ್ ರಾಬಿನ್ಸನು 1742 ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಅನಿಲವು ಹರಡಿದಂತೆಲ್ಲ ಅದರ ನೂಕು ಕುಗ್ಗುವುದೆಂದು ಲೆಕ್ಕಹಾಕಿ ಗುಂಡಿನ ವೇಗವನ್ನು ಗುಣಿಸಿ ತೋರಿಸಿದನು. ಅಷ್ಟಕ್ಕೇ ತೃಪ್ತನಾಗದೆ ಅದನ್ನು ಅಳೆದೂ ನೋಡಿದನು. ಭಾರವಾದ ಒಂದು ಫಲಕವನ್ನು ಲೋಲಕದಂತೆ ತೂಗಹಾಕಿ ಅದಕ್ಕೆ ಗುಂಡು ಹೊಡೆದು, ಫಲಕವು ಎಷ್ಟು ಹಿಂದಕ್ಕೆ ತೂಗಿತೆಂಬುದನ್ನು ಒಂದು ಪಟ್ಟಿಯಿಂದ ಅಳೆದು, ಅದರಿಂದ ಗುಂಡಿನ ವೇಗವನ್ನು ಕಂಡುಹಿಡಿದನು. ಕಣ್ಣಿಗೆ ಕಾಣದ ವೇಗವನ್ನು ಕಣ್ಣಿಗೆ ಕಾಣುವ ತೂಗಾಟದಿಂದ ಅಳೆದ ಈ ಜಾಣ್ಮೆ ಅಸಾಮಾನ್ಯವಾದುದು. ಈತನು ಈಸ್ಟ್ ಇಂಡಿಯಾ ಕಂಪೆನಿಯ ಕೋಟೆಗಳನ್ನು ಬಲಪಡಿಸುವ ಕೆಲಸಕ್ಕಾಗಿ ನಮ್ಮ ದಕ್ಷಿಣ ದೇಶಕ್ಕೇ ಬಂದು, 1751 ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡನೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ರಾಬಿನ್ಸನ ತರುವಾಯ ಅಳತೆಯ ಸಾಧನಗಳು ಬೆಳೆದವು. 19 ನೆಯ ಶತಮಾನದಲ್ಲಿ ಬೆಲ್ಜಿಯಮಿನ ಸೇನಾಧಿಕಾರಿ ಲ ಬೂಲಾಂಜೆ ಎಂಬವನು, ಗುಂಡು ಒಂದು ತಂತಿಯಿಂದ ಇನ್ನೊಂದು ತಂತಿಗೆ ಹೋಗುವುದರೊಳಗೆ ಒಂದು ಸಲಾಕೆ ಎಷ್ಟು ಕೆಳಕ್ಕೆ ಬಿದ್ದಿತೆಂಬುದನ್ನು ನೋಡಿ ಕಾಲವನ್ನಳೆಯುವ ಯಂತ್ರವನ್ನು ಕಲ್ಪಿಸಿದನು. ಈಗಂತೂ ವಿದ್ಯುದ್ಯಂತ್ರಗಳು ಈ ಕೆಲಸವನ್ನು ಕ್ಷಣದಲ್ಲಿ ಮಾಡಿಬಿಡುತ್ತವೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಒಂದೇ ಕಾರ್ಖಾನೆಯ, ಒಂದೇ ಉದ್ದದ ಎರಡು ನಳಿಗೆಗಳು ಒಂದೇ ತೋಟಾವನ್ನು ಹಾರಿಸಿದಾಗಲೂ ವೇಗದಲ್ಲಿ ಹಲವು ಅಡಿಗಳ ಅಂತರ ಬರುವುದುಂಟು. ಆದುದರಿಂದ ಎರಡು ಬೇರೆ ರೈಫಲ್ಲುಗಳನ್ನು ಹೋಲಿಸಿ ಉದ್ದದ ಫಲವನ್ನು ನಿರ್ಣಯಿಸುವುದು ಸರಿಯಲ್ಲ. ಒಂದೇ ನಳಿಗೆಯನ್ನು ಅಂಗುಲ ಅಂಗುಲವಾಗಿ ಕತ್ತರಿಸುತ್ತ, ಪ್ರತಿಸಲವೂ ಒಂದೇ ಬಗೆಯ ಹಲವು ತೋಟಾಗಳನ್ನು ಹಾರಿಸಿ ಸರಾಸರಿಯನ್ನು ತೆಗೆಯುವುದೇ ಸರಿಯಾದ ಮಾರ್ಗ.

ಹಾಗೆ ಅಳೆದಾಗ ಕಂಡುಬರುವುದೇನು? 1906 ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಏರ್ಪಟ್ಟು ಮುಂದೆ ಬೇಟೆಗಾರರಿಗೆ ಅತ್ಯಂತ ಪ್ರಿಯವಾದ '30-06' ಎಂಬ ತೋಟಾವನ್ನು ತೆಗೆದುಕೊಳ್ಳೋಣ. 24 ಅಂಗುಲದ ನಳಿಗೆಯಲ್ಲಿ ಅದರ 180 ಗ್ರೇನ್ ತೂಕದ ಗುಂಡು ಸೆಕೆಂಡಿಗೆ ಸುಮಾರು 2,700 ಅಡಿ ವೇಗದಿಂದ ಹೊರಡುತ್ತದೆ. ನಳಿಗೆಯನ್ನು ಮೊಟಕುಮಾಡಿದಂತೆ ಅಂಗುಲವೊಂದಕ್ಕೆ ಹೆಚ್ಚುಕಡಿಮೆ 20 ಅಡಿ ನಷ್ಟವಾಗುತ್ತದೆ. ನಾಲ್ಕಂಗುಲ ಕತ್ತರಿಸಿದರೆ 80 ಅಡಿ. ಎಂದರೆ ನೂರಕ್ಕೆ ಮೂರು ಪಾಲು. ಎಲ್ಲ ತೋಟಾಗಳಿಗೂ ಲೆಕ್ಕ ಒಂದೇ ಅಲ್ಲ. ಸಣ್ಣ ರಂಧ್ರಕ್ಕೆ ಬಹಳ ಮದ್ದನ್ನು ತುಂಬಿದ 'ಮ್ಯಾಗ್ನಮ್' ತೋಟಾಗಳಲ್ಲಿ ಅಂಗುಲಕ್ಕೆ 30 ಅಡಿಗೂ ಹೆಚ್ಚಿನ ನಷ್ಟ ಬರಬಹುದು. '22' ಎಂಬ ಪುಟ್ಟ ತೋಟಾದಲ್ಲಾದರೋ, ಮದ್ದಿನ ಸತ್ತ್ವವು ಸುಮಾರು 16 ಅಂಗುಲಗಳಲ್ಲೇ ತೀರಿಹೋಗುವುದರಿಂದ ಅದಕ್ಕೂ ಉದ್ದನೆಯ ನಳಿಗೆಯಿಂದ ವೇಗದ ಲಾಭವಿಲ್ಲ. ಕೆಲವು ವೇಳೆ ನಷ್ಟವೇ ಉಂಟು.

ಮದ್ದಿನ ಮತ್ತು ಗುಂಡಿನ ಗುಣವು ಉದ್ದಕ್ಕಿಂತ ಎಷ್ಟು ದೊಡ್ಡದೆಂಬುದಕ್ಕೆ ಚರಿತ್ರೆಯಲ್ಲಿ ಒಂದು ನಿದರ್ಶನವಿದೆ. ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ರೈಫಲ್ಲಿನ ನಳಿಗೆ ಮೊದಲು 30 ಅಂಗುಲಕ್ಕೂ ಸ್ವಲ್ಪ ಹೆಚ್ಚಾಗಿತ್ತು. 20 ನೆಯ ಶತಮಾನದ ಆರಂಭದಲ್ಲಿ ಅದನ್ನು 25 ಅಂಗುಲಕ್ಕೆ ಇಳಿಸಿದಾಗ ಪಂಡಿತರಾದವರು ಗುಲ್ಲೆಬ್ಬಿಸಿದರು. ಆದರೆ 1910 ರಲ್ಲಿ ಅದೇ ಮೊಟಕು ರೈಫಲ್ಲಿಗೆ ಚೂಪುಮೊನೆಯ ಹೊಸ ಗುಂಡು ಬಂದಾಗ ವೇಗವು 2,000 ದ ಆಸುಪಾಸಿನಿಂದ 2,440 ಅಡಿಗೆ ಏರಿತು. ಐದಂಗುಲದಿಂದ ಕಳೆದುಕೊಂಡುದಕ್ಕಿಂತ ಒಂದು ತೋಟಾದಿಂದ ಪಡೆದುದು ಎಷ್ಟೋ ಹೆಚ್ಚು. ಆ ರೈಫಲ್ಲೇ ಎರಡು ಮಹಾಯುದ್ಧಗಳಲ್ಲಿ ಕೆಲಸಮಾಡಿತು.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಈ 80 ಅಡಿಯ ನಷ್ಟವು ಬೇಟೆಯ ಬಯಲಿನಲ್ಲಿ ಏನು ಬೆಲೆಬಾಳುತ್ತದೆ? ಗುಂಡಿನ ಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ ವೇಗದಲ್ಲಿ ನೂರಕ್ಕೆ ಮೂರು ಹೋದರೆ ಶಕ್ತಿಯಲ್ಲಿ ಸುಮಾರು ಆರು ಹೋಗುತ್ತದೆ. 200 ಗಜ ದೂರದಲ್ಲಿ ಗುಂಡು ಅರ್ಧ ಅಂಗುಲದಿಂದ ಒಂದು ಅಂಗುಲದಷ್ಟು ಹೆಚ್ಚಾಗಿ ಕೆಳಕ್ಕೆ ಬೀಳುತ್ತದೆ. ಆದರೆ ಇದನ್ನೆಲ್ಲ ಮನಸ್ಸಿಗೆ ಹಿಡಿಸಲು ಮತ್ತೊಂದು ಸುಲಭವಾದ ದಾರಿಯುಂಟು. ನಾವು ಹೇಳಿದ ಆ ಗುಂಡಿನ ವೇಗವನ್ನು ಗಾಳಿಯು 100 ಗಜಕ್ಕೆ ಸುಮಾರು 200 ಅಡಿಯಂತೆ ತಿನ್ನುತ್ತದೆ. ಹಾಗಾದರೆ 80 ಅಡಿಯನ್ನು ತಿನ್ನಲು ಬೇಕಾಗುವುದು 40 ಗಜ. ಎಂದರೆ, ನಳಿಗೆಯಿಂದ ನಾಲ್ಕಂಗುಲ ಕತ್ತರಿಸುವುದೂ ಎದುರಿನ ಮೃಗವನ್ನು 40 ಗಜ ಹಿಂದಕ್ಕೆ ಸರಿಸಿ ನಿಲ್ಲಿಸುವುದೂ ಗುಂಡಿನ ಪಾಲಿಗೆ ಬಹುಮಟ್ಟಿಗೆ ಒಂದೇ.

ಇದು ಅಲಕ್ಷ್ಯಮಾಡಬಹುದಾದ ಮಾತೆ? ಹತ್ತಿರದ ಬೇಟೆಯಲ್ಲಿ ಖಂಡಿತವಾಗಿಯೂ ಹೌದು. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ನರು ದಕ್ಷಿಣದ ಕಾಡುಗಳಲ್ಲಿ ನರಭಕ್ಷಕಗಳನ್ನು ಅರಸಿ ಹೋದಾಗ ಅವರ ಕೈಯಲ್ಲಿದ್ದುದು '405' ವಿಂಚೆಸ್ಟರ್. ಅದರ ವೇಗ 2,200 ಅಡಿಯ ಸುಮಾರು. ಮಚಾನಿನ ಮೇಲಿನಿಂದಲೋ ಕಾಲುದಾರಿಯ ತಿರುವಿನಲ್ಲೋ ಹಾರಿಸುವ ಗುಂಡಿಗೆ ಗಾಳಿಯ ತೆರಿಗೆ ಬೀಳುವಷ್ಟು ದೂರವೇ ಇರುವುದಿಲ್ಲ. ಆಸ್ಟ್ರಿಯದ ಮಲೆಗಳಲ್ಲಿ ಶಾಮೋಯಿ ಎಂಬ ಕಾಡುಮೇಕೆಯ ಬೇಟೆಗೆ ಹೋಗುವವರೂ 18 ಅಂಗುಲಕ್ಕೆ ಕಡಿಮೆಯಾದ ನಳಿಗೆಯ ಮನ್ಲಿಷರ್ ರೈಫಲ್ಲನ್ನು 1903 ರಿಂದ ಮೆಚ್ಚಿಕೊಂಡಿದ್ದರು. ಬಂಡೆಗಳನ್ನು ಹತ್ತುವವನಿಗೆ ಗಿಡ್ಡ ಆಯುಧವು ದೊಡ್ಡ ಉಪಕಾರ. ಗಿಡ್ಡ ನಳಿಗೆಯ ಗುರಿ ತಪ್ಪುತ್ತದೆಂಬ ಮಾತೂ ಪೂರ್ತಿ ನಿಜವಲ್ಲ. ಅಷ್ಟೇ ದಪ್ಪದ ಗಿಡ್ಡ ನಳಿಗೆ ಹೆಚ್ಚು ಬಿಗಿಯಾಗಿರುತ್ತದೆ. ತುದಿಯ ಮೊನೆಗೂ ಹಿಂದಿನ ಸೀಳಿಗೂ ಅಂತರ ಕಡಿಮೆಯಾಗುವುದರಿಂದ ಕಣ್ಣಿನ ತಪ್ಪು ದೊಡ್ಡದಾಗುವುದುಂಟು. ದೂರದರ್ಶಕವಿದ್ದರೆ ಆ ತೊಂದರೆಯೂ ಇಲ್ಲ.

ಆದರೆ ದೂರದ ಬಯಲಿನಲ್ಲಿ ಈ 40 ಗಜವು ಬೇರೆ ರೂಪವನ್ನು ತಾಳುತ್ತದೆ. ಬೇಟೆಯ ಗುಂಡು ಮೃಗವನ್ನು ಬೇಗ ಕೊಲ್ಲುವುದು ತಗುಲಿದೊಡನೆ ಅಣಬೆಯಂತೆ ಅರಳುವುದರಿಂದ. ಹಾಗೆ ಅರಳಲು ತಗುಲುವ ವೇಳೆಯಲ್ಲಿ ಅದಕ್ಕೆ ಸಾಕಷ್ಟು ವೇಗವಿರಬೇಕು. ಅನೇಕ ಗುಂಡುಗಳಿಗೆ ಸುಮಾರು 1,800 ಅಡಿಯಾದರೂ ಬೇಕು. ಅದಕ್ಕಿಂತ ಕಡಿಮೆಯಾದರೆ ಗುಂಡು ಸೂಜಿಯಂತೆ ತೂರಿಹೋಗುತ್ತದೆ. ಮೃಗವು ಬೀಳದೆ ಓಡುತ್ತದೆ. ಉದ್ದ ನಳಿಗೆಯ ಎಣಿಕೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಗಿಡ್ಡ ನಳಿಗೆಯಿಂದ ಮಿತಿಯ ಅಂಚಿನಲ್ಲಿ ಗುಂಡುಹಾರಿಸುವವನು ಮಾಡುವ ಪಾಪವು ಇದೇ.

ಗಿಡ್ಡ ನಳಿಗೆಗೆ ಇನ್ನೆರಡು ದೋಷಗಳುಂಟು: ಅನಿಲವು ಹೆಚ್ಚು ಒತ್ತಡದಿಂದಲೇ ಹೊರನುಗ್ಗುವುದರಿಂದ ಸದ್ದು ಕಿವಿಗೆ ಅಪಾಯಕರ, ಮುಸ್ಸಂಜೆಯಲ್ಲಿ ಬೆಂಕಿಯ ಮಿಂಚು ಕಣ್ಣನ್ನು ಕುಕ್ಕುತ್ತದೆ. 1944 ರಲ್ಲಿ ಬ್ರಿಟಿಷರು ಕಾಡಿನ ಯುದ್ಧಕ್ಕಾಗಿ 19 ಅಂಗುಲದೊಳಗಿನ ನಳಿಗೆಯ ರೈಫಲ್ಲನ್ನು ಮಾಡಿದಾಗ ಅದರ ಬಾಯಿಗೆ ಆಲಿಕೆಯಂಥ ಒಂದು ಮರೆಯನ್ನು ಸೇರಿಸಬೇಕಾಯಿತು. ಇನ್ನೊಂದು ಮಾತು: ಇದನ್ನು ಕೇಳಿ ಯಾರೂ ಮನೆಯ ಕೋವಿಗೆ ಗರಗಸವನ್ನು ಹಿಡಿಯಬಾರದು. ಪರವಾನಗಿಯಿಲ್ಲದೆ ನಳಿಗೆಯನ್ನು ಮೊಟಕುಮಾಡುವುದು 1959 ರ ಆಯುಧ ಶಾಸನದ ಪ್ರಕಾರ ಅಪರಾಧ.

ಒಟ್ಟಿನಲ್ಲಿ ವಾದಿಗಳಿಬ್ಬರೂ ಅರ್ಧ ಸತ್ಯವನ್ನು ಹಿಡಿದಿದ್ದಾರೆ. ನಳಿಗೆ ಮೊಟಕಾದರೆ ನಷ್ಟವುಂಟು. ಆದರೆ ಅದು ಸರ್ವನಾಶವಲ್ಲ, ಒಂದು ಸಾಲ. ಆ ಸಾಲದ ಮೊತ್ತವು ಇಷ್ಟು ಗಜವೆಂದು ತಿಳಿದವನು ಅಷ್ಟು ಹೆಜ್ಜೆ ಹತ್ತಿರಕ್ಕೆ ನಡೆದು ಅದನ್ನು ತೀರಿಸಬಲ್ಲನು. ಹತ್ತಿರ ಹೋಗಲಾರದಿದ್ದರೆ ಗುಂಡುಹಾರಿಸದೆ ಹಿಂದಿರುಗಬಲ್ಲನು. ತಿಳಿಯದವನ ಸಾಲವನ್ನು ಮಾತ್ರ ಮೂಕಪ್ರಾಣಿಯು ತೀರಿಸಬೇಕಾಗುತ್ತದೆ. ಅಳೆದು ತಿಳಿಯುವ ವಿದ್ಯೆಗೂ ದಯೆಗೂ ಇರುವ ಸಂಬಂಧವು ಇಷ್ಟು ಸಮೀಪದ್ದೆಂಬುದನ್ನು ನಿಮ್ಮ ಮುಂದಿಡುವುದಷ್ಟೇ ನಮ್ಮ ಉದ್ದೇಶವಾಗಿತ್ತು.